ಸರಸ್ವತೀ ಭಂಡಾರಿಗರ ವಿದ್ಯೆ

ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನಲ್ಲಿ ನಾಗಾವಿ ಎಂಬ ಪ್ರಾಚೀನ ಸ್ಥಳವಿರುವದು. ಅಲ್ಲಿಯ ಕ್ರಿ. ಶ. 1058ರ ಶಾಸನವು, ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳಿಕೆಯಲ್ಲಿ ದಂಡನಾಯಕ ಮಧುಸೂದನನು ಏರ್ಪಡಿಸಿದ ಘಟಿಕಾಸ್ಥಾನದ ವ್ಯವಸ್ಥೆಯನ್ನು ವಿವರಿಸುತ್ತದೆ. ವೇದಗಳಿಗೆ ಮೂವರು ಉಪಾಧ್ಯಾಯರು, ಶಾಸ್ತ್ರಗಳಿಗೆ ಮೂವರು. ಅವರೊಡನೆ ಆರು ಮಂದಿ ಸರಸ್ವತೀ ಭಂಡಾರಿಗರು. ಗ್ರಂಥಗಳ ಭಂಡಾರವನ್ನು ಕಾಯುವವರಿಗೆ ಅಂದಿನ ಹೆಸರು ಇದು. ಉಪಾಧ್ಯಾಯರು ಎಷ್ಟೋ ಭಂಡಾರಿಗರೂ ಅಷ್ಟೇ ಎಂಬದು ಮೊದಲು ಗಮನಿಸತಕ್ಕ ಸಂಗತಿ. ಬೋಧಕರಿಗೆ ಭೂಮಿಯನ್ನು ಬಿಟ್ಟ ದತ್ತಿಯಲ್ಲಿಯೇ ಭಂಡಾರಿಗರ ಜೀವನಕ್ಕೂ ಭೂಮಿಯನ್ನು ಬಿಟ್ಟಿದ್ದರೆಂಬದು ಎರಡನೆಯದು, ಮತ್ತು ಹೆಚ್ಚಿನದು.

ನಾಗಾವಿಯಿಂದ ಪಶ್ಚಿಮಕ್ಕೆ ಬಂದರೆ ಇಂಡಿ ತಾಲೂಕಿನ ಸಾಲೋಟಗಿ. ಅಲ್ಲಿಯ ಕಂಬದ ಶಾಸನವು ಇನ್ನೂ ಹಿಂದಿನದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು, ಕ್ರಿ. ಶ. 945ರದು. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳು, ಉಪಾಧ್ಯಾಯನಿಗೆ 50 ನಿವರ್ತನ ಭೂಮಿ, ದೀಪಗಳ ಎಣ್ಣೆಗೆ 12 ನಿವರ್ತನ. ದೀಪದ ವೆಚ್ಚವನ್ನೂ ಮರೆಯದ ದಾನವಿದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಗೆ ಗ್ರಂಥಗಳ ಪರಿಚಯವು ನಿನ್ನೆ ಮೊನ್ನೆಯದಲ್ಲವೆಂಬದಕ್ಕೆ ಇಷ್ಟು ಸಾಕು.

ಭಂಡಾರಿಗನ ಕೆಲಸವು ಕಾವಲುಗಾರಿಕೆಯಷ್ಟೇ ಆಗಿರಲಾರದು. ಓಲೆಗರಿಗೆ ಹುಳು, ನೀರು, ಬೆಂಕಿ, ಸಡಿಲ ಕಟ್ಟು ಇವೆಲ್ಲ ಶತ್ರುಗಳು. ಗರಿಗೆ ಎಣ್ಣೆ ಪೂಸುವದು, ಮಾಸಿದ ಅಕ್ಷರಗಳಿಗೆ ಕಾಡಿಗೆಯನ್ನು ತುಂಬುವದು, ಹರಿದ ದಾರವನ್ನು ಬದಲಿಸುವದು, ವಸ್ತ್ರದಲ್ಲಿ ಸುತ್ತಿಡುವದು, ಜೀರ್ಣವಾದ ಪ್ರತಿಯಿಂದ ಹೊಸ ಪ್ರತಿಯನ್ನು ಮಾಡಿಸುವದು, ಇವೆಲ್ಲ ಕೈಯಿಂದ ಕೈಗೆ ಬಂದ ವಿದ್ಯೆಗಳು. ಒಂದೇ ಕಟ್ಟಿನಲ್ಲಿ ನಾಲ್ಕಾರು ಗ್ರಂಥಗಳಿದ್ದರೆ ಯಾವದು ಎಲ್ಲಿ ಮುಗಿದು ಯಾವದು ಎಲ್ಲಿ ಮೊದಲಾಯಿತೆಂಬದನ್ನು ಓದಿಯೇ ತಿಳಿಯಬೇಕಾಗುತ್ತದೆ. ಓದುಬಾರದವನು ಓಲೆಯನ್ನು ಕಾಯಬಲ್ಲನು, ಗ್ರಂಥವನ್ನು ಹುಡುಕಿಕೊಡಲಾರನು.

ಈ ಸೀಮೆಯಲ್ಲಿ ಓಲೆಯ ಯುಗವು ಮುಗಿದು ಮುದ್ರಣದ ಯುಗವು ಕಾಲಿಟ್ಟುದಕ್ಕೆ ಫ. ಗು. ಹಳಕಟ್ಟಿಯವರ ಕಾರ್ಯವೇ ನಿದರ್ಶನ. ಮನೆಮನೆಗೆ ಹೋಗಿ ವಚನಗಳ ಓಲೆಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಹೊರಗೆ ತಂದ ಅವರು ಬಳಿಕ ವಿಜಾಪುರದಲ್ಲಿ ಸ್ವಂತ ಮುದ್ರಣಾಲಯವನ್ನು ತೆರೆದು, 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು. ವಕೀಲರಾಗಿದ್ದವರು ಲಿಪಿಕಾರರೂ ಸಂಪಾದಕರೂ ಮುದ್ರಕರೂ ಆದರು. ಸಾಧನವು ಬದಲಾದಾಗ ಹೊಸ ಕೆಲಸವನ್ನು ನಡುವಯಸ್ಸಿನಲ್ಲಿಯೂ ಕಲಿಯಬಹುದೆಂಬದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಮುದ್ರಿತ ಪುಸ್ತಕಗಳು ಹೆಚ್ಚಿದ ಮೇಲೆ ಗ್ರಂಥಪಾಲನವು ಸ್ವತಂತ್ರ ಶಾಸ್ತ್ರವಾಯಿತು. ಬಡೋದೆಯ ಸಯಾಜಿರಾವ ಮಹಾರಾಜರು 1910ರಲ್ಲಿ ಅಮೇರಿಕೆಯಿಂದ ಬೋರ್ಡನ್ ಎಂಬವರನ್ನು ಕರೆಯಿಸಿ, ಮರುವರ್ಷವೇ ಶಿಕ್ಷಣವರ್ಗವನ್ನು ತೆರೆಯಿಸಿದರು. ಮದರಾಸಿನ ಎಸ್. ಆರ್. ರಂಗನಾಥನ್ನರು 1931ರಲ್ಲಿ ಗ್ರಂಥಾಲಯಶಾಸ್ತ್ರದ ಪಂಚಸೂತ್ರಗಳನ್ನೂ 1933ರಲ್ಲಿ ತಮ್ಮ ವರ್ಗೀಕರಣ ಪದ್ಧತಿಯನ್ನೂ ಪ್ರಕಟಿಸಿ, 1962ರಲ್ಲಿ ಬೆಂಗಳೂರಿನಲ್ಲಿ ಉನ್ನತ ಶಿಕ್ಷಣಕ್ಕಾಗಿ ಕೇಂದ್ರವನ್ನು ಸ್ಥಾಪಿಸಿದರು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಿಂದ ಗ್ರಂಥಾಲಯ ಕರವೂ ಜಿಲ್ಲಾ ಗ್ರಂಥಾಲಯಗಳ ವ್ಯವಸ್ಥೆಯೂ ಬಂದವು. ರಾಜ್ಯದಲ್ಲಿ ಐದು ಸಾವಿರಕ್ಕೂ ಮಿಕ್ಕಿದ ಗ್ರಾಮ ಪಂಚಾಯತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದು, ಅನಂತರ ‘ಅರಿವು ಕೇಂದ್ರ’ಗಳೆನಿಸಿದವು; ಕಂಪ್ಯೂಟರುಗಳೂ ಅಂತರಜಾಲವೂ ಹಳ್ಳಿಯನ್ನು ಮುಟ್ಟಿದವು. ಅವುಗಳ ಮುಂದೆ ಕುಳಿತವರು ಬಹುಕಾಲ ಗೌರವಧನದ ಮೇಲೆಯೇ ದುಡಿದ ಮೇಲ್ವಿಚಾರಕರು.

ಈ ಮೇಲ್ವಿಚಾರಕರು ಕಲಿಯಬೇಕಾದುದೇನು? ಗುಂಡಿಯನ್ನೊತ್ತಿ ಯಂತ್ರವನ್ನು ನಡೆಸುವದೇ ಶಿಕ್ಷಣವೆಂದು ಅನೇಕರು ಭಾವಿಸುತ್ತಾರೆ. ಅದು ಒಂದು ವಾರದ ಮಾತು. ತೊಡಕುಗಳು ಬೇರೆಡೆಯಲ್ಲಿರುವವು.

ಇಂಡಿಯ ಲಿಂಬೆಯನ್ನೇ ತೆಗೆದುಕೊಳ್ಳಬಹುದು. ಈ ಭಾಗದ ಒಕ್ಕಲಿಗನು ‘ಲಿಂಬೆ’ ಎನ್ನುತ್ತಾನೆ. ಪುಸ್ತಕಗಳ ಮೇಲೆ ಸಾಮಾನ್ಯವಾಗಿ ‘ನಿಂಬೆ’ ಎಂದಿರುತ್ತದೆ. ಗಿಡಕ್ಕೆ ರೋಗ ತಗಲಿತೆಂದು ಗ್ರಂಥಾಲಯಕ್ಕೆ ಬಂದವನು ಯಂತ್ರದಲ್ಲಿ ‘ಲಿಂಬೆ’ ಎಂದು ಕೇಳಿದರೆ, ಪುಸ್ತಕವು ಕಪಾಟಿನಲ್ಲಿ ಇದ್ದೂ ಇಲ್ಲವೆಂಬ ಉತ್ತರ ಬರುವದು. ಹಳೆಯ ಸೂಚಿಪತ್ರಗಳಲ್ಲಿ ‘ಲಿಂಬೆ: ನಿಂಬೆ ನೋಡಿರಿ’ ಎಂದು ಒಂದು ಚೀಟಿಯನ್ನಿಡುವ ಪದ್ಧತಿಯಿತ್ತು. ಯಂತ್ರದಲ್ಲಿಯೂ ಅದನ್ನೇ ಮಾಡಬೇಕು. ಆದರೆ ಯಂತ್ರವು ತಾನಾಗಿ ಮಾಡದು. ಊರಿನ ಮಾತನ್ನೂ ಪುಸ್ತಕದ ಮಾತನ್ನೂ ಬಲ್ಲವನೇ ಅದನ್ನು ಬರೆಯಬೇಕು.

ಹೆಸರುಗಳ ತೊಡಕು ಇನ್ನೂ ವಿನೋದವಾದದ್ದು. ಸಿಂದಗಿ, ಬಾಗೇವಾಡಿ, ಇಂಡಿ ಇವು ಊರುಗಳೂ ಹೌದು, ಮನೆತನದ ಅಡ್ಡಹೆಸರುಗಳೂ ಹೌದು. ಯಂತ್ರಸೂಚಿಯಲ್ಲಿ ಗ್ರಂಥಕರ್ತನ ಹೆಸರಿಗೆ 100, ಸ್ಥಳವಿಷಯಕ್ಕೆ 651 ಎಂದು ಪ್ರತ್ಯೇಕ ಸಂಖ್ಯೆಯ ಮನೆಗಳಿರುತ್ತವೆ. ‘ಸಿಂದಗಿ’ಯನ್ನು ತಪ್ಪು ಮನೆಯಲ್ಲಿರಿಸಿದರೆ ಲೇಖಕನು ಊರಾಗುವನು, ಊರು ಲೇಖಕನಾಗುವದು! ಇನ್ನು ಹಳಕಟ್ಟಿಯವರನ್ನು ‘ಫ’ಕಾರದಲ್ಲಿ ಹುಡುಕಬೇಕೋ ‘ಹ’ಕಾರದಲ್ಲಿಯೋ? ಅಡ್ಡಹೆಸರು ಮುಖ್ಯವಾದ ಈ ಸೀಮೆಯಲ್ಲಿ ‘ಹ’ಕಾರವೇ ಯುಕ್ತ, ಇಂಥ ವಾಡಿಕೆಯಿಲ್ಲದ ಹಳೆಯ ಮೈಸೂರಿನ ಲೇಖಕರಿಗೆ ಅದೇ ನಿಯಮವು ಸಲ್ಲದು.

ವರ್ಗೀಕರಣದಲ್ಲಿಯೂ ಹೀಗೆಯೇ. 1876ರಲ್ಲಿ ಅಮೇರಿಕೆಯ ಡ್ಯೂಯಿ ರಚಿಸಿದ ದಶಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ 894.814, ಶೈವಮತಕ್ಕೆ 294.5513. ಬಸವಣ್ಣನವರ ಜನ್ಮಸ್ಥಳವಾದ ಬಾಗೇವಾಡಿಯಲ್ಲಿ ವಚನಸಂಪುಟವನ್ನು ಎಲ್ಲಿಡಬೇಕು? ಎರಡೂ ಸಮರ್ಥನೀಯ. ಒಂದೇ ಗ್ರಂಥಾಲಯದಲ್ಲಿ ಒಂದು ಸಂಪುಟ ಅಲ್ಲಿಯೂ ಮತ್ತೊಂದು ಇಲ್ಲಿಯೂ ಇರುವದು ಮಾತ್ರ ಸಮರ್ಥನೀಯವಲ್ಲ. ನಿರ್ಣಯವನ್ನು ಮಾಡಿ, ಬರೆದಿಟ್ಟು, ಮುಂದೆ ಬರುವವನಿಗೆ ತಿಳಿಸುವದೇ ಇಲ್ಲಿಯ ವಿದ್ಯೆ.

ಲಿಪಿಯ ಸಂಗತಿಯೊಂದು ಉಳಿಯಿತು. ಕಂಪ್ಯೂಟರಿನ ಮೊದಲ ದಿನಗಳಲ್ಲಿ ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಕಣ್ಣಿಗೆ ಕನ್ನಡ, ಯಂತ್ರಕ್ಕೆ ರೋಮನ್. ಹೀಗೆ ಬೆರಳಚ್ಚು ಮಾಡಿದ ಪಟ್ಟಿಯಲ್ಲಿ ಅಕಾರಾದಿಯೂ ಕೂಡದು, ಹುಡುಕಾಟವೂ ಸಾಗದು. 1991ರಿಂದ ಯೂನಿಕೋಡಿನಲ್ಲಿ ಪ್ರತಿಯೊಂದು ಕನ್ನಡಾಕ್ಷರಕ್ಕೂ ತನ್ನದೇ ಆದ ಸಂಖ್ಯೆ ಇರುತ್ತದೆ. ಹಳೆಯ ಪಟ್ಟಿಗಳನ್ನು ಅದಕ್ಕೆ ಪರಿವರ್ತಿಸಿದ ಹೊರತು ಕಂಪ್ಯೂಟರಿದ್ದೂ ಫಲವಿಲ್ಲ. ಪರಿವರ್ತನೆಯಲ್ಲಿ ಒತ್ತಕ್ಷರಗಳು ಸ್ಥಾನ ತಪ್ಪುವದುಂಟಾದ್ದರಿಂದ ಮೂಲದೊಡನೆ ತಾಳೆ ನೋಡಲೇಬೇಕು. ಪ್ರಸಂಗವಶಾತ್ ಹೇಳಬಹುದಾದರೆ, ಹಳಗನ್ನಡದ ‘ೞ’ಕಾರಕ್ಕೆ ಆ ಪಟ್ಟಿಯಲ್ಲಿ ‘ಫ’ ಎಂಬ ತಪ್ಪು ಹೆಸರನ್ನಿಟ್ಟರು; ಇಟ್ಟ ಹೆಸರನ್ನು ಬದಲಿಸಕೂಡದೆಂಬ ನಿಯಮವಿದ್ದುದರಿಂದ ಅದು ಹಾಗೆಯೇ ಉಳಿದು, ತಿದ್ದುಪಡಿಯ ಹೆಸರೊಂದು ಪಕ್ಕದಲ್ಲಿ ಸೇರಿತು. ಲಿಪಿಕಾರರ ಪ್ರಮಾದವೆಂಬದು ಓಲೆಗರಿಯೊಡನೆ ಮುಗಿದುಹೋದದ್ದಲ್ಲ.

ತಂತ್ರಾಂಶಗಳಿಗೆ ಕೊರತೆಯಿಲ್ಲ. ನ್ಯೂಝಿಲೆಂಡಿನ ಒಂದು ಗ್ರಾಮಾಂತರ ಗ್ರಂಥಾಲಯಕ್ಕಾಗಿ ರಚಿತವಾಗಿ 2000ದಲ್ಲಿ ಬಳಕೆಗೆ ಬಂದ ‘ಕೋಹಾ’ ಬೆಲೆಯಿಲ್ಲದೆ ದೊರೆಯುತ್ತದೆ. ಕೇಂದ್ರ ಸರಕಾರದ ಮಾಹಿತಿ ಸಂಸ್ಥೆಯು ಸಿದ್ಧಪಡಿಸಿದ ‘ಇ-ಗ್ರಂಥಾಲಯ’ವೂ ಇರುತ್ತದೆ. ಇವುಗಳ ಆವೃತ್ತಿಗಳು ಬದಲಾಗುತ್ತಲೇ ಇರುವದರಿಂದ ಒಮ್ಮೆ ಕೊಟ್ಟ ಶಿಕ್ಷಣವು ಬೇಗ ಹಳತಾಗುವದು. ಸೂಚಿಯ ತತ್ತ್ವವನ್ನು ಕಲಿತವನು ಹೊಸ ಆವೃತ್ತಿಯನ್ನು ತಾನೇ ಅರಿತುಕೊಳ್ಳುವನು. ಗುಂಡಿಗಳ ಕ್ರಮವನ್ನಷ್ಟೇ ಕಂಠಪಾಠ ಮಾಡಿದವನು ಗುಂಡಿಯ ಸ್ಥಾನ ಬದಲಾದೊಡನೆ ನಿಂತುಬಿಡುವನು.

ಪಂಚಾಯತಿಗಳ ನೌಕರವರ್ಗಕ್ಕೆ ಶಿಕ್ಷಣವನ್ನೀಯುವ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯು ಮೈಸೂರಿನಲ್ಲಿರುವದು. ಮುದ್ದೇಬಿಹಾಳದ ಹಳ್ಳಿಯೊಂದರ ಮೇಲ್ವಿಚಾರಕನಿಗೆ ಅದು ರಾಜ್ಯದ ಇನ್ನೊಂದು ತುದಿ. ಅವನು ಹೊರಟರೆ ಗ್ರಂಥಾಲಯದ ಬಾಗಿಲು ಮುಚ್ಚುವದು, ಬದಲಿಗೆ ಮತ್ತೊಬ್ಬನಿಲ್ಲ. ಆದುದರಿಂದ ತಾಲೂಕಿನ ಊರಿನಲ್ಲಿಯೇ, ಹತ್ತು ಹನ್ನೆರಡು ಮಂದಿ ತಂತಮ್ಮ ಪುಸ್ತಕಪಟ್ಟಿಗಳನ್ನು ತಂದು, ಬಲ್ಲವನೊಬ್ಬನ ಎದುರಿಗೆ ತಿದ್ದಿಕೊಳ್ಳುವ ವ್ಯವಸ್ಥೆಯು ಹೆಚ್ಚು ಫಲಕಾರಿ. ಆ ದಿನದ ಪ್ರಯಾಣದ ಖರ್ಚೂ ಭತ್ಯೆಯೂ ಮೇಲ್ವಿಚಾರಕನ ಕೈಯಿಂದ ಹೋಗಕೂಡದು. 1965ರ ಕಾಯಿದೆಯು ಆಸ್ತಿ ತೆರಿಗೆಯ ಮೇಲೆ ನೂರಕ್ಕೆ 6ರಂತೆ ವಿಧಿಸಿದ ಕರವು ಗ್ರಂಥಾಲಯಗಳ ಸಲುವಾಗಿಯೇ ಇರುವದು. ಪುಸ್ತಕಕ್ಕೂ ಕಪಾಟಿಗೂ ಯಂತ್ರಕ್ಕೂ ಬರೆಯುವ ಲೆಕ್ಕದಲ್ಲಿ ಭಂಡಾರಿಗನ ಕಲಿಕೆಗೂ ಒಂದು ಸಾಲನ್ನು ಬಿಡುವದಕ್ಕೆ ನಾಗಾವಿಯ ಶಾಸನದಷ್ಟು ಹಳೆಯ ಆಧಾರವಿರುತ್ತದೆ.