ಬಿಡುವ ಮುನ್ನ ಬರೆದು ನೋಡಿ

ತೆಲಿಗಿಯಿಂದ ದಿನಾ ಬಸ್ ಹಿಡಿದು ದಾವಣಗೆರೆಯ ಬಟ್ಟೆ ಅಂಗಡಿಗೆ ಲೆಕ್ಕ ಬರೆಯೋಕೆ ಹೋಗ್ತೀನಿ. ಎಂಟು ವರ್ಷಕ್ಕೆ ಸಾಕಾಗಿ, ಕೆಲಸ ಬಿಡ್ತೀನಿ ಅಂದೆ. "ಬಿಟ್ಟು ಏನ್ ಮಾಡ್ತಿ?" ಅಂದಳು ಅವ್ವ. ಉತ್ತರವಿರಲಿಲ್ಲ.

ಆಗ ನೆನಪಾದವರು ನಮ್ಮ ಸೀಮೆಯ ಮಂಜಮ್ಮ ಜೋಗತಿ. ಮನೆಯಿಂದ ದೂರಾಗಿ ಬೇಡಿ ಬದುಕುತ್ತಿದ್ದ ದಿನಗಳಲ್ಲೇ ಅವರು ತಲೆ ಮೇಲೆ ಕೊಡ ಹೊತ್ತು ಕುಣಿಯುವ ಜೋಗತಿ ನೃತ್ಯ ಕಲಿತರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷರಾದರು; 2021ರಲ್ಲಿ ಪದ್ಮಶ್ರೀ ಬಂತು.

ನನ್ನದು ಯಾವುದು? ಒಂದು ತಿಂಗಳು ರಾತ್ರಿ ಬರೆದಿಟ್ಟೆ: ಇವತ್ತು ಯಾವ ಕೆಲಸ ಬೇಸರ ತಂತು, ಯಾವುದರಲ್ಲಿ ಹೊತ್ತು ಹೋದದ್ದೇ ತಿಳೀಲಿಲ್ಲ? ಹೊಸ ಹುಡುಗರಿಗೆ ಲೆಕ್ಕ ಕಲಿಸಿದ ದಿನ ಸುಸ್ತೇ ಇರಲಿಲ್ಲ!

ಈಗ ಸಂಜೆ ಊರಿನ ಮಕ್ಕಳಿಗೆ ಲೆಕ್ಕ ಹೇಳಿಕೊಡ್ತೀನಿ. ಅಂಗಡಿ ಕೆಲಸವೂ ಇದೆ, ಮೊದಲಿನ ಬೇಸರವಿಲ್ಲ. ನೀವೂ ಕೆಲಸ ಬಿಡುವ ಮುನ್ನ ಒಂದು ತಿಂಗಳು ಬರೆದು ನೋಡಿ.