ಕಿಡ್ನಿಯ ಕಾಯಿಲೆ, ಮಿದುಳಿನ ಉಬ್ಬು

1586ರಲ್ಲಿ ತೀರಿಕೊಂಡ ಪೋಲೆಂಡಿನ ದೊರೆ ಸ್ಟೀಫನ್ ಬಾಥೊರಿಯ ದೇಹ ಕೊಯ್ದು ನೋಡಿದ ವೈದ್ಯರಿಗೆ ಕಂಡದ್ದು ಎತ್ತಿನ ಕಿಡ್ನಿಯಷ್ಟು ದೊಡ್ಡದಾದ, ಮೈಯೆಲ್ಲ ಉಬ್ಬುತಗ್ಗಿನ ಕಿಡ್ನಿಗಳು. ಅದು ಕಿಡ್ನಿಯ ತುಂಬ ನೀರುಗುಳ್ಳೆಗಳೇಳುವ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆಯಿರಬೇಕೆಂಬುದು ಇಂದಿನ ತಜ್ಞರ ಊಹೆ.

ಈ ಕಾಯಿಲೆಯ ಸಾಮಾನ್ಯ ರೂಪದಲ್ಲಿ, ಹೆತ್ತವರಲ್ಲೊಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50. ಇದಕ್ಕೆ ಕಾರಣವಾದ ಪಿಕೆಡಿ1, ಪಿಕೆಡಿ2 ಜೀನ್‌ಗಳು ರಕ್ತನಾಳದ ಗೋಡೆಯಲ್ಲೂ ಕೆಲಸ ಮಾಡುತ್ತವೆ. ಅವು ಕೆಟ್ಟು ಗೋಡೆ ಸಡಿಲಾದ ಕಡೆ, ಹಳೆಯ ಸೈಕಲ್ ಟ್ಯೂಬಿನಂತೆ, ಮಿದುಳಿನ ನಾಳ ಉಬ್ಬುತ್ತದೆ. ಅದೇ ಅನ್ಯೂರಿಸಂ. ಸಾಮಾನ್ಯವಾಗಿ ನೂರರಲ್ಲಿ ಮೂವರಿಗೆ ಇರುವ ಇದು ಈ ರೋಗಿಗಳಲ್ಲಿ ಹತ್ತು ಮಂದಿಯ ಆಸುಪಾಸು. ಹೆಚ್ಚಿನವು ಚಿಕ್ಕವು, ಒಡೆಯುವುದೇ ಇಲ್ಲ. ಒಡೆದರೆ ಸಿಡಿಲು ಬಡಿದಂಥ ತಲೆನೋವು. ಆಗ ಒಂದು ನಿಮಿಷವೂ ಕಾಯಬಾರದು.

ಹಾಗಾದರೆ ಈ ರೋಗಿಗಳೆಲ್ಲರಿಗೂ ಮಿದುಳಿನ ಸ್ಕ್ಯಾನ್ ಬೇಕೇ?

ವೈದ್ಯರಲ್ಲೇ ಒಮ್ಮತವಿಲ್ಲ. ಮನೆತನದಲ್ಲಿ ಅನ್ಯೂರಿಸಂ ಅಥವಾ ಮಿದುಳಿನ ರಕ್ತಸ್ರಾವ ಆಗಿದ್ದವರಿಗಂತೂ ಪರೀಕ್ಷೆ ಬೇಕು. ರಕ್ತನಾಳಗಳನ್ನು ತೋರಿಸುವ ಎಂಆರ್‌ಎ ಸ್ಕ್ಯಾನಿಗೆ ಡೈ ಚುಚ್ಚಬೇಕಾಗಿಲ್ಲ. ಸೋತ ಕಿಡ್ನಿಗೆ ಅದು ದೊಡ್ಡ ನೆಮ್ಮದಿ. ಕಷ್ಟವಿರುವುದು ಆಮೇಲೆ. 3 ಮಿಲಿಮೀಟರಿನ ಉಬ್ಬು ಕಂಡರೆ ಆಪರೇಷನ್ನಿನಲ್ಲೂ ಅಪಾಯ, ಸುಮ್ಮನಿದ್ದರೂ ಆತಂಕ. ಈ ಮಾತನ್ನು ವೈದ್ಯರು ಸ್ಕ್ಯಾನಿಗೆ ಮೊದಲೇ ರೋಗಿಯೊಡನೆ ಬಿಡಿಸಿ ಆಡಬೇಕು. ಬಿ.ಪಿ. ಹತೋಟಿ, ಬೀಡಿ-ಸಿಗರೇಟು ಬಿಡುವುದು ಮಾತ್ರ ಸ್ಕ್ಯಾನ್ ಮಾಡಿಸಿದವರಿಗೂ ಮಾಡಿಸದವರಿಗೂ ಒಂದೇ.