ಮಳೆ ಲೆಕ್ಕಕ್ಕೆ ಎಷ್ಟು ವರ್ಷದ ಸರಾಸರಿ?

ನಮ್ಮದು ಚಿತ್ರದುರ್ಗ ಸೀಮೆಯ ಬೆದ್ದಲು. ಶೇಂಗಾ, ರಾಗಿ, ಸಾವೆ ಬೆಳೆಯುವ ಆರು ಎಕರೆ. ನಾನು ಓದಿದ್ದು ಏಳನೇ ಕ್ಲಾಸು. 1998ರಿಂದ ಹೊಲದ ಬದಿಯಲ್ಲಿ ಮಳೆಮಾಪಕ ಇಟ್ಟು, ದಿನಾ ಬೆಳಿಗ್ಗೆ ಎಂಟೂವರೆಗೆ ಅಳೆದು ಬರೆದಿಡುತ್ತಾ ಬಂದಿದ್ದೇನೆ. ಆ ಪುಸ್ತಕ ನೋಡಿಕೊಂಡೇ ನಾನು ಒಮ್ಮೆ ಕೈ ಸುಟ್ಟುಕೊಂಡೆ.

ಅಡಿಕೆ ಇಟ್ಟ ಕಥೆ

ಒಂದು ವರ್ಷ ಮಳೆ ಜಾಸ್ತಿ, ಇನ್ನೊಂದು ವರ್ಷ ಕಡಿಮೆ. ಗೆರೆ ಎಳೆದರೆ ಹಲ್ಲು ಹಲ್ಲಾಗಿ ಕಾಣುತ್ತದೆ. ಅದಕ್ಕೇ ಐದೈದು ವರ್ಷ ಕೂಡಿ, ಐದರಿಂದ ಭಾಗಿಸಿ ಗೆರೆ ಎಳೆಯುತ್ತಿದ್ದೆ. 2022ರಲ್ಲಿ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿತ್ತಲ್ಲ, ಆ ವರ್ಷ ನನ್ನ ಗೆರೆ ಸರ್ರನೆ ಮೇಲೆದ್ದಿತು. ಮಳೆಯ ರೀತಿಯೇ ಬದಲಾಯಿತು ಅಂದುಕೊಂಡು, ಸಾಲ ಮಾಡಿ ಎರಡು ಎಕರೆಗೆ ಅಡಿಕೆ ಸಸಿ ಇಟ್ಟೆ.

2023 ಎಲ್ ನಿನೋ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಮುಂದಿನ ಬೇಸಿಗೆಗೆ ನಮ್ಮ ಬೋರು ಬತ್ತಿತು. ಟ್ಯಾಂಕರಿನಲ್ಲಿ ನೀರು ಹೊಡೆಸಿದರೂ ಅರ್ಧಕ್ಕಿಂತ ಹೆಚ್ಚು ಸಸಿ ಒಣಗಿದವು. ಸಾಲ ಮಾತ್ರ ಹಸಿರಾಗಿದೆ.

ಜರಡಿಯ ತೂತು

ತಂಗಿಯ ಮಗಳು ಕೃಷಿ ಬಿ.ಎಸ್ಸಿ. ಓದುತ್ತಾಳೆ. ಪುಸ್ತಕ ನೋಡಿ, "ಮಾಮ, ಸರಾಸರಿ ಅಂದ್ರೆ ಜರಡಿ ಇದ್ದಂಗೆ. ತೂತು ಎಷ್ಟಿರಬೇಕು ಅಂತ ಮೊದಲೇ ಯೋಚಿಸಬೇಕಿತ್ತು" ಅಂದಳು.

ಅವಳು ಹೇಳಿದ್ದು ಇಷ್ಟು. ಬೇಗ ಬೇಗ ಆಗುವ ಏರಿಳಿತ ಜರಡಿಯಿಂದ ಕೆಳಗೆ ಬೀಳುತ್ತದೆ, ನಿಧಾನದ್ದು ಮೇಲೆ ಉಳಿಯುತ್ತದೆ. ಎಷ್ಟು ವರ್ಷ ಕೂಡುತ್ತೇವೋ ಅದೇ ತೂತಿನ ಅಳತೆ. ಎಲ್ ನಿನೋ ಎರಡರಿಂದ ಏಳು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಐದು ವರ್ಷದ ಜರಡಿಯಲ್ಲಿ ಅದು ಪೂರ್ತಿ ಬೀಳುವುದಿಲ್ಲ. ಹನ್ನೊಂದು ವರ್ಷದ್ದಾದರೆ ಬಹಳ ಮಟ್ಟಿಗೆ ಬೀಳುತ್ತದೆ.

ಒಂದು ಲೆಕ್ಕ ನೋಡಿ. ಪ್ರತಿ ವರ್ಷ 450 ಮಿ.ಮೀ. ಮಳೆ ಬಂದು, ಒಂದೇ ವರ್ಷ 900 ಬಂತು ಎನ್ನಿ. ಐದು ವರ್ಷದ ಸರಾಸರಿ 540 ಆಗುತ್ತದೆ. ಆ ಒಂದು ವರ್ಷದ ನೆರಳು ಐದು ಲೆಕ್ಕದಲ್ಲಿ ಉಳಿಯುತ್ತದೆ. ಹನ್ನೊಂದು ವರ್ಷದ್ದಾದರೆ ಸುಮಾರು 491. ನಾನು ಏರಿಕೆ ಅಂದುಕೊಂಡಿದ್ದು ಬಹುಪಾಲು ಈ ನೆರಳು.

ದೊಡ್ಡ ತೂತಿಗೂ ಬೆಲೆ ತೆರಬೇಕು. 1998ರಿಂದ 2024ರವರೆಗೆ 27 ವರ್ಷ. ಹನ್ನೊಂದರ ಸರಾಸರಿಯನ್ನು ನಡುವಿನ ವರ್ಷಕ್ಕೆ ಬರೆದರೆ ಮೊದಲ ಐದು, ಕೊನೆಯ ಐದು ವರ್ಷಕ್ಕೆ ಲೆಕ್ಕವೇ ಸಿಗದು. ನಮಗೆ ಬೇಕಾದ ಈಚಿನ ವರ್ಷಗಳೇ ಖಾಲಿ!

ದಾಳದ ಪಾಠ

ಮನೆಯಲ್ಲಿ ಹಾವು-ಏಣಿ ಆಟದ ದಾಳ ಇದ್ದರೆ ಅರವತ್ತು ಸಲ ಹಾಕಿ ಬರೆಯಿರಿ. ಐದೈದರ ಸರಾಸರಿ ತೆಗೆದು ಗೆರೆ ಎಳೆಯಿರಿ. ಚೆಂದದ ಅಲೆ ಏಳುತ್ತದೆ. ದಾಳಕ್ಕೆಲ್ಲಿಯ ಅಲೆ? ಜರಡಿಯೇ ಹುಟ್ಟಿಸಿದ್ದು. ಇದನ್ನು ಮಾಡಿ ನೋಡಿದ ಮೇಲೆ ನನ್ನ ಗೆರೆಯ ಮೇಲಿನ ಮೋಹ ಇಳಿಯಿತು.

ಈಗ ನಾನು ಮಾಡುವುದು

1. ಏನು ತಿಳಿಯಬೇಕು ಎಂದು ಮೊದಲು ಬರೆದುಕೊಂಡು, ಆಮೇಲೆ ಎಷ್ಟು ವರ್ಷ ಎಂದು ತೀರ್ಮಾನಿಸುತ್ತೇನೆ. ಗೆರೆ ನೋಡಿ ಬದಲಿಸುವುದಿಲ್ಲ.

2. ಐದು, ಹನ್ನೊಂದು ಎರಡೂ ಹಾಕುತ್ತೇನೆ. ಎರಡರಲ್ಲೂ ಕಂಡರೆ ಮಾತ್ರ ಅರೆ ನಂಬಿಕೆ.

3. ಈ ವರ್ಷದ ಬಿತ್ತನೆಗೆ ಸರಾಸರಿಯೇ ಬೇಡ. 27ರಲ್ಲಿ ಎಷ್ಟು ವರ್ಷ ಬೆಳೆ ಕೈಕೊಟ್ಟಿತು ಅಂತ ಎಣಿಸುತ್ತೇನೆ.

4. ಅಡಿಕೆ, ತೆಂಗು ಹತ್ತಾರು ವರ್ಷದ ಬಾಳು. ಅದಕ್ಕೆ ಇಡೀ ಪುಸ್ತಕ ಬೇಕು. ಸಾಲಾಗಿ ಬಂದ ಕೆಟ್ಟ ವರ್ಷಗಳನ್ನು ಮೊದಲು ನೋಡಬೇಕು.

ಹವಾಮಾನ ಇಲಾಖೆಯೂ 2022ರಲ್ಲಿ ದೇಶದ ಮುಂಗಾರು ಸರಾಸರಿಯನ್ನು 880.6ರಿಂದ 868.6 ಮಿ.ಮೀ.ಗೆ ಬದಲಿಸಿತು. ಮೊದಲಿನದು 1961ರಿಂದ 2010ರ ಲೆಕ್ಕ, ಹೊಸದು 1971ರಿಂದ 2020ರದ್ದು. ಐವತ್ತು ವರ್ಷ ಕೂಡಿದರೂ ಯಾವ ಐವತ್ತು ಎಂದು ಕೇಳಲೇಬೇಕು.

ಮಳೆ ಲೆಕ್ಕ ಇಟ್ಟಿರುವ ರೈತರು ಸರಾಸರಿಯ ಜೊತೆಗೆ ದಿನದ ಮೂಲ ಲೆಕ್ಕವನ್ನೂ ಜೋಪಾನ ಮಾಡಿ. ಜರಡಿ ಬೇಕಾದಾಗ ಬದಲಿಸಬಹುದು, ಕಾಳು ಇದ್ದರೆ ತಾನೇ?